ಮೇದಿನಿಯ ಜಾಗ

ಒಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ, ಕೊರಳಿಗೆ ಸ್ಲೇಟು ನೇತುಹಾಕಿಕೊಂಡು ಹೊಸ್ತಿಲ ಮೇಲೆ ನಿಂತಿದ್ದ ನನ್ನ ಗಂಡನಿಗೆ ನಾನೊಂದು ಮಾತು ಕೊಟ್ಟೆ. ಅವರು ಲೈನ್‌ಮನ್. ಗುಡ್ಡದಾಚೆ ಎಲ್ಲೋ ತಂತಿ ಸಡಿಲವಾಗಿ, ಊರಿನ ದನಿ ಅರ್ಧ ದಿನ ಬಂದು ಅರ್ಧ ದಿನ ಹೋಗುತ್ತಿತ್ತು. ಇನ್ನಿಬ್ಬರ ಜೊತೆ ಅದನ್ನು ಹುಡುಕಿ ಸರಿಮಾಡಲು ಹೊರಟಿದ್ದರು. "ಕಾರ್ಡು ನಿನ್ನ ಹತ್ರಾನೇ ಇರ್ಲಿ ದಾಕ್ಷಿ. ಕೊನೇ ಕಂಬ ದಾಟಿದ್ರೆ ಅದು ಬರೀ ಪ್ಲಾಸ್ಟಿಕ್ಕು. ನಾನು ಬರೋವರೆಗೂ ನನ್ನ ದನಿ ಬಿಟ್ಟುಕೊಡಬೇಡ. ಬಂದ ದಿನ ಬಾಗ್ಲಲ್ಲಿ ನಿಂತು ನಿನ್ನ ಕೂಗ್ಬೇಕು, ಸ್ಲೇಟು ಬಡಿಯೋ ಹಂಗಾಗ್ಬಾರ್ದು" ಅಂದರು. "ಬಿಟ್ಟುಕೊಡಲ್ಲ" ಅಂದೆ. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು, ಒಳಗೆ ಓಡಿದೆ. ತಿರುಗಿ ಬರುವಷ್ಟರಲ್ಲಿ ಅವರು ಬೀದಿಯ ಮೂರನೆಯ ಕಂಬ ದಾಟಿದ್ದರು.

ಆರನೆಯ ದಿನ ತಂತಿ ಸರಿಹೋಯಿತು. ಹತ್ತನೆಯ ದಿನ ಜೊತೆಗೆ ಹೋದ ಇಬ್ಬರೂ ಬಂದರು. ಇವರು ಮಾತ್ರ 'ಇನ್ನೊಂದು ಕಂಬ ನೋಡ್ಕೊಂಡು ಬರ್ತೀನಿ' ಎಂದು ಸ್ಲೇಟಿನಲ್ಲಿ ಬರೆದು ತೋರಿಸಿ ಮುಂದೆ ಹೋದರಂತೆ.

ನಮ್ಮೂರಿನಲ್ಲಿ ಹನ್ನೆರಡು ತುಂಬಿದವರ ದನಿ ಅವರ ಬಳಿ ಇರುವುದಿಲ್ಲ, ಗುಡ್ಡದಾಚೆಯ ಸರ್ವರುಗಳಲ್ಲಿ ಇರುತ್ತದೆ. ಬೆಳಗ್ಗೆ ಮುಖ ತೊಳೆದು ರೀಡರಿಗೆ ಕಾರ್ಡು ಸಿಕ್ಕಿಸಿ ನಾಲ್ಕು ಅಂಕಿ ಒತ್ತಿದರೆ ಅವತ್ತಿನ ದನಿ ಬರುತ್ತದೆ. ನಿದ್ದೆ ಹತ್ತಿದೊಡನೆ ವಾಪಸು ಹೋಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಚಣ ಕಣ್ಣು ಮುಚ್ಚಿದವರೂ ಎದ್ದು ಮತ್ತೆ ಕಾರ್ಡು ಹಾಕಬೇಕು. ಮತ್ತೆ ಹಾಕುವುದಕ್ಕೆ ಸೋಮಾರಿತನವಾಗಿಯೇ ನಮ್ಮೂರ ಗಂಡಸರು ಸಂಜೆ ಹೊತ್ತು ಅಷ್ಟೊಂದು ಸಾಧುಗಳಾಗಿ ಕಾಣುತ್ತಾರೆ. ಪ್ರತಿ ಮನೆಯ ಬಾಗಿಲ ಪಕ್ಕ ಮೊಳೆಗೆ ಒಂದು ಸ್ಲೇಟು, ದಾರಕ್ಕೆ ಕಟ್ಟಿದ ಬಳಪ. ಲೈನು ಇಲ್ಲದ ದಿನ ಸೊಪ್ಪಿನವಳು ತಕ್ಕಡಿಯ ತಟ್ಟೆ ಬಡಿಯುತ್ತಾಳೆ, ಹಾಲಿನವನು ಗೇಟು ಅಲ್ಲಾಡಿಸುತ್ತಾನೆ, ಅತ್ತೆ ಸೊಸೆಯರ ಜಗಳ ಸ್ಲೇಟು ತುಂಬಿ ಗೋಡೆಗೆ ಹರಿಯುತ್ತದೆ. ಅಂಥ ದಿನ ಮಕ್ಕಳಿಗೆ ಬಿಡುವಿರುವುದಿಲ್ಲ. ಅವರ ದನಿ ಅವರಲ್ಲೇ ಇರುತ್ತದಲ್ಲ, ಒಂದು ಚೂರು ಬೆಲ್ಲ ಕೊಟ್ಟರೆ ಯಾರ ಮಾತನ್ನಾದರೂ ಎಲ್ಲಿಗಾದರೂ ಹೊತ್ತುಕೊಂಡು ಹೋಗುತ್ತಾರೆ. ನನ್ನ ಮಗಳು ಮೇದಿನಿ ನಮ್ಮ ಬೀದಿಗೆಲ್ಲ ಬಾಯಿಯಾಗಿದ್ದವಳು. ಹೇಳಿದ್ದಕ್ಕಿಂತ ಎರಡು ಮಾತು ಜಾಸ್ತಿಯೇ ಹೇಳಿಬರುತ್ತಿದ್ದಳು ಎಂಬ ದೂರು ಬಿಟ್ಟರೆ ಅವಳ ಕೆಲಸದ ಬಗ್ಗೆ ಯಾರಿಗೂ ಬೇಸರವಿರಲಿಲ್ಲ.

ನಾನು ಕೆಲಸ ಮಾಡುವುದು ಕಾರ್ಡು ಕಚೇರಿಯಲ್ಲಿ. ಯಾರ ದನಿ ಬರಲಿಲ್ಲವೋ ಅವರು ಬೆಳಗ್ಗೆ ಏಳಕ್ಕೇ ಬಂದು ನಮ್ಮ ಕಿಟಕಿ ತಟ್ಟುತ್ತಾರೆ. ಒಳಗೆ ನಾನು ಮತ್ತು ಫೈರೋಜ. ಅವನು ನನಗಿಂತ ಆರು ವರ್ಷ ಚಿಕ್ಕವನು, ನಾಲ್ಕು ಹೆಣ್ಣುಮಕ್ಕಳ ತಂದೆ. ತೊಂದರೆಗಳು ಹೆಚ್ಚೇನಿಲ್ಲ. ಕಾರ್ಡಿನ ಚಿಪ್ಪು ಕೊಳೆಯಾಗಿರುತ್ತದೆ, ರೀಡರಿನಲ್ಲಿ ಜಿರಲೆ ಸತ್ತಿರುತ್ತದೆ, ಅಂಕಿ ಮರೆತಿರುತ್ತದೆ, ಕಾರ್ಡಿನ ಅವಧಿ ಮುಗಿದಿರುತ್ತದೆ. ಇವ್ಯಾವುದೂ ಅಲ್ಲವೆಂದರೆ ಆಚೆಗೆ ತಂತಿ ಕಳಿಸಬೇಕು. ಸರ್ವರುಗಳನ್ನು ನೋಡಿಕೊಳ್ಳುವವರನ್ನು ನಮ್ಮಲ್ಲಿ ಯಾರೂ ಕಂಡಿಲ್ಲ, 'ಆಚೆಯವರು' ಅನ್ನುತ್ತೇವೆ. ಅವರು ಉತ್ತರ ಕೊಡುತ್ತಾರೆ, ಆದರೆ ಅವರಿಗೆ ಬೇಕಾದಾಗ. ಒಂದೇ ಸಾಲು.

ಒಂಬತ್ತು ದಿನ ಒಬ್ಬರೂ ಬಂದು ಕೇಳದ ದನಿಯನ್ನು ಆಚೆಯವರು ಅಳಿಸಿಬಿಡುತ್ತಾರೆ. ಅಳಿಸಿದ್ದು ಮತ್ತೆ ಬಂದದ್ದು ನಮ್ಮೂರಿನಲ್ಲಿ ಇಲ್ಲ. ಆದ್ದರಿಂದಲೇ ನಾನು ಪ್ರತಿ ಶನಿವಾರ ಮನೆಯ ರೀಡರಿಗೆ ಗಂಡನ ಕಾರ್ಡು ಸಿಕ್ಕಿಸಿ, ಅವರು ಹೇಳಿಹೋದ ನಾಲ್ಕು ಅಂಕಿ ಒತ್ತುತ್ತಿದ್ದೆ. ನಮ್ಮ ಮನೆ ಮುಂದಿನ ಕಂಬದ ನಂಬರು ಅದು. ಹಸಿರು ದೀಪ ಹತ್ತುತ್ತಿತ್ತು. ದನಿಗೆ ಹೋಗಲು ಬಾಯಿ ಇಲ್ಲವಲ್ಲ, ರೀಡರಿನ ಡಬ್ಬಿಯಲ್ಲೇ ಬಂದು ನಿಲ್ಲುತ್ತಿತ್ತು. ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು ಅವರ ಅಭ್ಯಾಸ. ಡಬ್ಬಿ ಹಾಗೆಯೇ ಒಂದು ಸಲ ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿತ್ತು. ಮೇದಿನಿಗೆ ಅಪ್ಪ ಹೋದಾಗ ಮೂರು ವರ್ಷ. ಮುಖ ನೆನಪಿಲ್ಲ. ಅವಳಿಗೆ ಅಪ್ಪ ಅಂದರೆ ಶನಿವಾರದ ಆ ಗಂಟಲಿನ ಸದ್ದು. ಚಿಕ್ಕವಳಿದ್ದಾಗ "ಅಪ್ಪ ಕೆಮ್ಮಿದ್ರು, ಇನ್ನು ತಿಂಡಿ ಕೊಡು" ಅನ್ನುತ್ತಿದ್ದಳು.

ಕಳೆದ ತಿಂಗಳು ಅವಳಿಗೆ ಹನ್ನೆರಡು ತುಂಬಿತು. ಹಿಂದಿನ ರಾತ್ರಿ ನಿದ್ದೆ ಬರುವವರೆಗೂ ಮಾತಾಡಿದಳು. ನಮ್ಮಲ್ಲಿ ಎಲ್ಲ ಮಕ್ಕಳೂ ಹಾಗೆಯೇ. ಬೆಳಗ್ಗೆ ಎದ್ದಾಗ ದನಿ ಆಚೆಗೆ ಹೋಗಿತ್ತು. ಬಾಯಿ ತೆರೆದು ನೋಡಿಕೊಂಡಳು, ನಕ್ಕಳು, ಸ್ಲೇಟು ತೆಗೆದು 'ಅಮ್ಮ, ಒಂದು ಗಂಟೆ ನಿನಗೆ ಶಾಂತಿ' ಎಂದು ಬರೆದಳು. ಹೊಸ ಕಾರ್ಡನ್ನು ಅಕ್ಕಿಯ ತಟ್ಟೆಯಲ್ಲಿಟ್ಟು, ಅರಿಸಿನ ಹಚ್ಚಿ, ಕೈಮುಗಿದು ಕಚೇರಿಗೆ ಹೊರಟೆವು. ಮೊದಲ ಸಲದ ಲಾಗಿನ್ ಕಚೇರಿಯಲ್ಲೇ ಆಗಬೇಕು. ಹೊಸ ಕಾರ್ಡಿಗೆ ದಿನಕ್ಕೆ ಒಂದೇ ಸಲ ಅವಕಾಶ. ತಪ್ಪಿದರೆ ಮಾರನೆಯ ಬೆಳಗಿನವರೆಗೆ ಯಂತ್ರ ಅದನ್ನು ಮುಟ್ಟಿಸಿಕೊಳ್ಳುವುದಿಲ್ಲ. ಅಂದರೆ ಒಂಬತ್ತು ದಿನ, ಒಂಬತ್ತು ಸಲ. ಇಪ್ಪತ್ತು ವರ್ಷದ ನನ್ನ ಕೆಲಸದಲ್ಲಿ ಯಾವ ಮಗುವಿಗೂ ಎರಡನೆಯ ದಿನ ಬೇಕಾಗಿರಲಿಲ್ಲ.

ಮೇದಿನಿ ಕಾರ್ಡು ಸಿಕ್ಕಿಸಿ, ನಮಗೆ ಕಾಣದ ಹಾಗೆ ಕೈ ಮರೆಮಾಡಿಕೊಂಡು ನಾಲ್ಕು ಅಂಕಿ ಒತ್ತಿದಳು. ಪರದೆಯ ಮೇಲೆ ಬಂತು: ಗುರುತು ಹೊಂದುತ್ತಿಲ್ಲ.

ಫೈರೋಜ ಕಾರ್ಡು ತೆಗೆದು ಬೆಳಕಿಗೆ ಹಿಡಿದ. ಚಿಪ್ಪಿನ ಮೇಲೆ ಹಳದಿ. "ಅಕ್ಕಾ, ಊರಿಗೆಲ್ಲಾ ಅರಿಸಿನ ಹಚ್ಚಬೇಡಿ, ಹಚ್ಚಬೇಡಿ ಅಂತ ಬೋರ್ಡು ಬರೆಸಿ ಹಾಕಿರೋದು ನೀವೇ" ಅಂದ. ನಾನು ನಕ್ಕೆ. ಸ್ಪಿರಿಟು ಹಚ್ಚಿ ಒರೆಸಿದೆವು. ಒಂದು ದಿನ ಹೋಯಿತು, ಅಷ್ಟೇ ತಾನೆ.

ಎರಡನೆಯ ದಿನ ಚಿಪ್ಪು ಕನ್ನಡಿಯಂತಿತ್ತು. ಗುರುತು ಹೊಂದುತ್ತಿಲ್ಲ. ರೀಡರು ಬದಲಿಸಿದೆವು. ಮೂರನೆಯ ದಿನ ಅದೇ. ನಮ್ಮ ಗೋಡೆ ಗಡಿಯಾರಕ್ಕೂ ಆಚೆಯವರ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಅವರು ಯಾರನ್ನೂ ಒಳಗೆ ಬಿಡುವುದಿಲ್ಲ. ನೋಡಿದರೆ ನಮ್ಮದು ನಾಲ್ಕು ನಿಮಿಷ ಹಿಂದಿತ್ತು. ನಾಲ್ಕಕ್ಕೆ ತೊಂದರೆ ಇಲ್ಲ ಎಂದು ಗೊತ್ತಿದ್ದೂ ಕುರ್ಚಿ ಹತ್ತಿ ಮುಳ್ಳು ಸರಿಮಾಡಿದೆ. ಏನಾದರೂ ಸರಿಮಾಡಬೇಕಾಗಿತ್ತು ನನಗೆ.

ಆ ದಿನ ಶನಿವಾರ. ಮನೆಗೆ ಹೋಗಿ ಗಂಡನ ಕಾರ್ಡು ಸಿಕ್ಕಿಸಿದೆ. ಒತ್ತಿ ಮುಗಿಸುವಷ್ಟರಲ್ಲಿ ಹಸಿರು ದೀಪ, ಡಬ್ಬಿಯಲ್ಲಿ ಗಂಟಲಿನ ಸದ್ದು. ಮೇದಿನಿ ಗೋಡೆಗೆ ಒರಗಿ ಕೂತು ಸ್ಲೇಟಿನಲ್ಲಿ ಬರೆದು ನನ್ನತ್ತ ಹಿಡಿದಳು: 'ಇಲ್ಲದವರದ್ದು ತಕ್ಷಣ ತಗೊಳ್ಳುತ್ತೆ, ಇರೋಳದ್ದು ತಗೊಳ್ಳಲ್ಲ.' ತಮಾಷೆಗೇ ಬರೆದಿದ್ದಳು. ನಾನು ಅನ್ನಕ್ಕಿಡುವ ನೆಪದಲ್ಲಿ ಒಳಗೆ ಹೋದೆ.

ನಾಲ್ಕನೆಯ ದಿನದಿಂದ ನಿದ್ದೆ ಕೆಟ್ಟಿತು. ನನ್ನ ಕೆಲಸವೇ ಇದು. ಬೇರೆಯವರ ಮಕ್ಕಳಾಗಿದ್ದರೆ, ಗಾಬರಿಯಾಗಬೇಡಿ, ಒಂದೊಂದೇ ನೋಡೋಣ ಅನ್ನುತ್ತಿದ್ದೆ. ನನಗೆ ನಾನು ಅದನ್ನು ಹೇಳಿಕೊಳ್ಳುತ್ತ ನೋಡಿದ್ದನ್ನೇ ಮತ್ತೆ ನೋಡುತ್ತಿದ್ದೆ. ಕಾರ್ಡು ಅಚ್ಚುಮಾಡುವಲ್ಲಿ ಹೊಸ ಮುದ್ರೆ ಬಂದಿದೆಯೇನೋ, ಆಚೆಯವರಿಗೆ ಅದರ ಪರಿಚಯ ಇಲ್ಲವೇನೋ ಎಂದು ವಿಚಾರಿಸಿದೆ. ಅದೇ ಕಂತಿನ ಇನ್ನಿಬ್ಬರು ಮಕ್ಕಳು ಮೊದಲ ದಿನವೇ ದನಿ ತೆಗೆದುಕೊಂಡು ಬೀದಿಯಲ್ಲಿ ಕಿರುಚಾಡಿಕೊಂಡಿದ್ದರು. ಅಂಕಿ ತಪ್ಪು ಒತ್ತುತ್ತಿದ್ದಾಳೆಯೇ ಎಂದರೆ, ಅಂಕಿ ತಪ್ಪಾದರೆ ಬರುವ ಸಾಲೇ ಬೇರೆ. ಆದರೂ ಐದನೆಯ ದಿನ, "ನನ್ನೆದುರೇ ಒತ್ತು, ಅಡ್ಡ ಕೈ ಹಿಡೀಬೇಡ" ಎಂದು ಗದರಿಸಿದೆ. ಒತ್ತಿದಳು. ಒಂದೊಂದೇ ಅಂಕಿ, ನಿಧಾನವಾಗಿ, ನನ್ನ ಮುಖ ನೋಡುತ್ತ. ಅದು ನಮ್ಮ ಮನೆ ಮುಂದಿನ ಕಂಬದ ನಂಬರು. ನಾನು ಯಾವತ್ತೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಶನಿವಾರಗಳಲ್ಲಿ ನನ್ನ ಬೆರಳು ನೋಡಿ ಕಲಿತಿದ್ದಳು.

ಗುರುತು ಹೊಂದುತ್ತಿಲ್ಲ.

ಹೊಸ ಕಾರ್ಡೇ ಮಾಡಿಸಿದೆ. ಆರನೆಯ ದಿನವೂ ಹೋಯಿತು. ಕಚೇರಿಯ ಕಿಟಕಿಯಲ್ಲಿ ಹೂವಿನ ತಾಯಮ್ಮ ಅವಧಿ ಮುಗಿದ ಕಾರ್ಡು ಹಿಡಿದು ನಿಂತಿದ್ದಳು. ದನಿ ಕೊಟ್ಟ ಕೂಡಲೇ ಅವಳು ಮಾಡಿದ ಮೊದಲ ಕೆಲಸ, "ಊರಿನ ಕಾರ್ಡೆಲ್ಲ ರಿಪೇರಿ ಮಾಡೋ ದಾಕ್ಷಕ್ಕಂಗೆ ಮಗಳದ್ದು ಮಾಡಕ್ಕಾಗ್ಲಿಲ್ವಂತೆ ಕಣ್ರೀ" ಎಂದು ಹಿಂದಿನ ಸಾಲಿನವರಿಗೆ ತಿಳಿಸಿದ್ದು. "ನಿಮ್ಮ ಕಾರ್ಡು ವಾಪಸ್ ಕೊಡಿ ತಾಯಮ್ಮ, ಏನೋ ಮರ್ತೆ" ಎಂದು ಫೈರೋಜ ಕೈ ಚಾಚಿದ. ಅವಳು ಹೂವಿನ ಬುಟ್ಟಿ ಎತ್ತಿಕೊಂಡು ಬೇಗ ಬೇಗ ನಡೆದಳು.

ಮೇದಿನಿ ಸ್ಲೇಟಿನಲ್ಲಿ ತಮಾಷೆ ಬರೆಯುವುದನ್ನು ನಿಲ್ಲಿಸಿದಳು. ಮೊದಲೆಲ್ಲ ಇಡೀ ವಾಕ್ಯ ಬರೆಯುತ್ತಿದ್ದವಳು ಈಗ 'ನೀರು', 'ಹೂಂ', 'ಬೇಡ'. ರಸ್ತೆಯಲ್ಲಿ ಸಣ್ಣ ಮಕ್ಕಳು ಯಾರದೋ ಮಾತು ಹೊತ್ತುಕೊಂಡು ಓಡುವುದನ್ನು ಕಿಟಕಿಯಿಂದ ನೋಡುತ್ತ ಕೂರುತ್ತಿದ್ದಳು. ಊರಿನಲ್ಲಿ ದನಿ ಅಳಿಸಿಹೋದವರು ಮೂವರಿದ್ದಾರೆ. ಮದುವೆಗಳಲ್ಲಿ ಅವರನ್ನು ಬಡಿಸುವುದಕ್ಕೆ ನಿಲ್ಲಿಸುತ್ತಾರೆ. 'ಸಾಕಾ' ಎಂದು ಕೇಳದೆ ಬಡಿಸುತ್ತ ಹೋಗುತ್ತಾರೆ ಎಂದು ಅವರ ಬಗ್ಗೆ ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ.

ಏಳನೆಯ ದಿನ ಆಚೆಯವರಿಗೆ ತಂತಿ ಕಳಿಸಿದೆ. ಕಾರ್ಡು ನೋಡಿದ್ದೇವೆ, ರೀಡರು ನೋಡಿದ್ದೇವೆ, ಗಡಿಯಾರ, ಮುದ್ರೆ, ಅಂಕಿ ಎಲ್ಲ ಸರಿ ಇದೆ, ಮಗು, ದಯವಿಟ್ಟು. 'ದಯವಿಟ್ಟು' ಎಂಬುದನ್ನು ಫೈರೋಜ ಹೊಡೆದುಹಾಕಿದ. "ಅವ್ರಿಗೆ ಅದೆಲ್ಲಾ ಓದಕ್ಕೆ ಬರಲ್ಲ ಅಕ್ಕಾ" ಅಂದ. ಎಂಟನೆಯ ದಿನದ ಸಂಜೆ, ಅವತ್ತಿನ ಅವಕಾಶವೂ ಕಳೆದುಹೋದ ಮೇಲೆ, ಒಂದು ಸಾಲು ಬಂತು. ಜಾಗ ಖಾಲಿ ಇಲ್ಲ, ನಿಮ್ಮ ಕಡೆಯೇ ನೋಡಿಕೊಳ್ಳಿ.

ಜಾಗ ಎಂದರೆ ಆಚೆಯ ಯಂತ್ರದಲ್ಲಿ ಒಬ್ಬೊಬ್ಬರ ದನಿಗೆ ಇರುವ ಮನೆ. ಊರಿನಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಹುಟ್ಟಿದ ದಿನವೇ ಒಂದು ಜಾಗ ಕೊಡುತ್ತಾರೆ. ಎರಡನೆಯದು ಯಾರಿಗೂ ಇಲ್ಲ. ಹನ್ನೆರಡು ವರ್ಷ ಅದು ಯಾರೂ ಮುಟ್ಟದೆ ಖಾಲಿ ಬಿದ್ದಿರುತ್ತದೆ. ಮೇದಿನಿಯ ಜಾಗದಲ್ಲಿ ಇನ್ಯಾರು ಇರಲು ಸಾಧ್ಯ?

ಒಂಬತ್ತನೆಯ ದಿನ ಬೆಳಗ್ಗೆ ನಾನು ಮೇದಿನಿಗೆ ಕಾರ್ಡು ಮುಟ್ಟಲು ಬಿಡಲಿಲ್ಲ. ಉಳಿದಿರುವುದು ಒಂದೇ ಸಲ. ಆಚೆಯವರು ಬಾಗಿಲು ಹಾಕುವುದು ದೀಪ ಹಚ್ಚುವ ಹೊತ್ತಿಗೆ. ಕಚೇರಿಯ ಅಟ್ಟದಿಂದ ಜಾಗಗಳ ಹಳೆಯ ರಿಜಿಸ್ಟರು ಇಳಿಸಿ, ಫೈರೋಜನೂ ನಾನೂ ನೆಲದ ಮೇಲೆ ಕೂತು ಹುಡುಕಿದೆವು. ಮೇದಿನಿಯ ಹೆಸರು ಸಿಕ್ಕಿತು. ಪಕ್ಕದ ಅಂಚಿನಲ್ಲಿ ಪೆನ್ಸಿಲಿನ ಒಂದು ಚುಕ್ಕೆ. ಹಿಂದೆ ಮುಂದೆ ನೂರು ಹೆಸರು ನೋಡಿದೆವು, ಬೇರೆಲ್ಲೂ ಚುಕ್ಕೆ ಇಲ್ಲ. ಪೆನ್ಸಿಲು ಬಳಸುತ್ತಿದ್ದವರು ಈ ಕಚೇರಿಯಲ್ಲಿ ಒಬ್ಬರೇ, ನಮಗಿಬ್ಬರಿಗೂ ಕೆಲಸ ಕಲಿಸಿದ ಗುರುಸಿದ್ದಪ್ಪನವರು. ಚುಕ್ಕೆ ನೋಡುತ್ತಿದ್ದ ಹಾಗೆ ಎಂಟು ವರ್ಷದ ಹಿಂದಿನ ಒಂದು ದಿನ ನೆನಪಾಯಿತು.

ಊರಾಚೆ ಹೋದವರಿಗಾಗಿ ಆಚೆಯವರು ಒಂದು ವರ್ಷ ಕಾಯುತ್ತಾರೆ. ಆಮೇಲೆ ಅವರ ಜಾಗ ತೆಗೆದುಬಿಡುತ್ತಾರೆ, ಮನೆಯವರು ವಾರ ವಾರ ಕಾರ್ಡು ಹಾಕಿದರೂ ಸರಿಯೇ. ನನ್ನ ಗಂಡ ಹೋಗಿ ವರ್ಷವಾಗಲು ನಾಲ್ಕು ದಿನ ಇದ್ದಾಗ ನಾನು ಗುರುಸಿದ್ದಪ್ಪನವರ ಮುಂದೆ ನಿಂತು ಅತ್ತಿದ್ದೆ. ಅವರು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, "ಒಂದು ಜಾಗ ಮಾಡ್ತೀನಿ ಕಣಮ್ಮ. ಎಲ್ಲಿ ಅಂತ ಕೇಳಬೇಡ, ಕೇಳಿದ್ರೆ ನಿನಗೂ ತಪ್ಪು ಅಂಟ್ಕೊಳ್ಳುತ್ತೆ" ಅಂದಿದ್ದರು. ನಾನು ಕೇಳಲಿಲ್ಲ. ಎಂಟು ವರ್ಷ ಕೇಳಲಿಲ್ಲ.

ಅವರ ಮನೆ ಕೆರೆಯ ಏರಿಯ ಕೆಳಗೆ. ನಿವೃತ್ತಿಯಾದ ಮೇಲೆ ಅವರು ಮಾತು ಬಿಟ್ಟಿದ್ದಾರೆ. ವಾರಕ್ಕೊಮ್ಮೆ ದನಿ ಅಳಿಸದಿರಲೆಂದು ಕಾರ್ಡು ಹಾಕುತ್ತಾರೆ, ಆ ದಿನವೂ ಹೆಚ್ಚೇನೂ ಮಾತಾಡುವುದಿಲ್ಲವಂತೆ. ನಾನು ಓಡುತ್ತ ಹೋದಾಗ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಸಾರ್, ಮೇದಿನಿಗೆ ಹನ್ನೆರಡಾಯ್ತು. ಜಾಗ ಖಾಲಿ ಇಲ್ಲ ಅಂತಿದಾರೆ. ರಿಜಿಸ್ಟರಲ್ಲಿ ನಿಮ್ಮ ಚುಕ್ಕೆ ಇದೆ" ಅಂದೆ.

ಅವರ ಕೈಯಲ್ಲಿದ್ದ ಕಾಯಿ ಹಾಗೆಯೇ ನಿಂತಿತು. ಆಮೇಲೆ ಗೋಡೆಯ ಸ್ಲೇಟು ತೆಗೆದು ತೊಡೆಯ ಮೇಲಿಟ್ಟುಕೊಂಡರು. ವಯಸ್ಸಾಗಿದೆ. ಒಂದೊಂದು ಅಕ್ಷರವನ್ನೂ ಬಾವಿಯಿಂದ ಸೇದಿದ ಹಾಗೆ ಬರೆಯುತ್ತಾರೆ. "ಕಾರ್ಡು ಹಾಕ್ಕೊಂಡು ಬಾಯಲ್ಲಿ ಹೇಳಿ ಸಾರ್, ಹೊತ್ತಾಗುತ್ತೆ" ಅಂದೆ. ಬೇಡವೆಂದು ತಲೆಯಾಡಿಸಿದರು, ಬರೆಯುತ್ತಲೇ ಇದ್ದರು. 'ಶಿವನಂಜನ ದನಿ' ಎಂದು ನನ್ನ ಗಂಡನ ಹೆಸರು ಬಂತು. ಅಂಗೈಯಿಂದ ಒರೆಸಿದರು. 'ಮಗೂ ಜಾಗದಲ್ಲೇ ಇಟ್ಟೆ.' ಒರೆಸಿದರು. 'ಯಾರೂ ಮುಟ್ಟದ ಜಾಗಕ್ಕೆ ಮಾತ್ರ ಹಾಕಕ್ಕೆ ಬರೋದು. ನಿನ್ನದಕ್ಕೆ ಬರಲ್ಲ, ನನ್ನದಕ್ಕೆ ಬರಲ್ಲ.' ಸ್ಲೇಟು ಸಾಲಲಿಲ್ಲ, ಮತ್ತೆ ಒರೆಸಿದರು. 'ಮಗೂಗೆ ಆಗ ನಾಲ್ಕು. ಎಂಟು ವರ್ಷ ಇದೆಯಲ್ಲ, ಅಷ್ಟರಲ್ಲಿ ಬರ್ತಾನೆ ಅಂದ್ಕೊಂಡೆ.'

"ನೆನಪಿಸ್ಬೇಕಿತ್ತಲ್ಲ ಸಾರ್" ಅಂದೆ.

ಅವರು ಸ್ಲೇಟಿನ ಮೂಲೆಯಲ್ಲಿ ಬರೆದರು: 'ಮರೆತೆ.' ಆ ಒಂದು ಪದವನ್ನು ಒರೆಸಲಿಲ್ಲ. ನಾನು ಏರಿ ಹತ್ತಿ ಹಿಂತಿರುಗಿ ನೋಡಿದಾಗಲೂ ಅದನ್ನು ನನ್ನ ಕಡೆಗೇ ಹಿಡಿದುಕೊಂಡು ಕೂತಿದ್ದರು.

ಕಚೇರಿಗೆ ಬರುವ ಮೊದಲು ಮನೆಗೆ ಹೋಗಿ ಗಂಡನ ಕಾರ್ಡು ಚೀಲಕ್ಕೆ ಹಾಕಿಕೊಂಡೆ. ಕಚೇರಿಯಲ್ಲಿ ಮೇದಿನಿ ಬೆಂಚಿನ ಮೇಲೆ ಕೂತಿದ್ದಳು. ಫೈರೋಜ ಕಿಟಕಿಗೆ ಪರದೆ ಎಳೆದು, ಇವತ್ತಿಗೆ ಮುಗೀತು ಎಂದು ಜನರನ್ನು ಕಳಿಸಿದ್ದ. ಬಿಸಿಲು ಗೋಡೆಯ ಅರ್ಧಕ್ಕೆ ಏರಿತ್ತು. ಇದ್ದದ್ದನ್ನು ಇದ್ದ ಹಾಗೆ ಇಬ್ಬರಿಗೂ ಹೇಳಿದೆ. ಮೇದಿನಿಗೆ ಮರೆಮಾಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ, ಆದರೆ ಅವಳ ಕಣ್ಣೆದುರು ಆಗಲಿಲ್ಲ.

ಫೈರೋಜ ಕುರ್ಚಿ ಹತ್ತಿರ ಎಳೆದುಕೊಂಡು ತಗ್ಗಿದ ದನಿಯಲ್ಲಿ, "ಅಕ್ಕಾ, ನನ್ನ ಕೊನೇವಳು ಅಮೀನಾಗೆ ಈಗ ನಾಲ್ಕು. ಅವಳ ಜಾಗ ಯಾರೂ ಮುಟ್ಟಿಲ್ಲ. ಭಾವನ ದನಿ ಎತ್ತಿ ಅಲ್ಲಿಗೆ ಹಾಕೋಣ. ಮೇದಿನಿ ಜಾಗ ಖಾಲಿ ಆಗುತ್ತೆ, ಭಾವಂದೂ ಉಳಿಯುತ್ತೆ. ಹೆಂಗೆ ಮಾಡೋದು ಅಂತ ನೀವು ಹೇಳಿದ್ಮೇಲೆ ನನಗೆ ಗೊತ್ತಾಯ್ತು. ಹತ್ತು ನಿಮಿಷದ ಕೆಲಸ" ಅಂದ.

"ನಿನ್ನ ಹೆಂಡ್ತೀಗೆ ಏನಂತೀಯ?"

"ಏನೂ ಅನ್ನಲ್ಲ. ಎಂಟು ವರ್ಷ ಇದೆಯಲ್ಲ ಅಕ್ಕಾ. ಅಷ್ಟರಲ್ಲಿ ಭಾವ ಬಂದೇ ಬರ್ತಾರೆ."

ಮೇದಿನಿ ಸ್ಲೇಟು ಎತ್ತಿದಳು. 'ಮಾಮ ಹೇಳಿದ ಹಾಗೆ ಮಾಡು.' ತಮಾಷೆ ನಿಲ್ಲಿಸಿದ ಮೇಲೆ ಅವಳು ಬರೆದ ಮೊದಲ ಇಡೀ ವಾಕ್ಯ ಅದು.

ಸುಳ್ಳು ಬರೆಯುವುದಿಲ್ಲ, ನಾನು ಚೀಲದಿಂದ ಕಾರ್ಡು ತೆಗೆದು ಫೈರೋಜನ ಕೈಗೆ ಕೊಟ್ಟೆ. ಅವನು ಯಂತ್ರದ ಮುಂದೆ ಕೂತ. ಅಮೀನಾಳ ಹೆಸರು ಒತ್ತಿದ. ಪರದೆಯ ಮೇಲೆ ಅವಳ ಜಾಗ ಬಂತು, ಖಾಲಿ ಎಂದು ಪಕ್ಕದಲ್ಲಿ ಬರೆದಿತ್ತು. ಅಮೀನಾ ನನಗೆ ಗೊತ್ತಿಲ್ಲದವಳಲ್ಲ. ಹಬ್ಬದ ದಿನ ಅವರ ಮನೆಗೆ ಹೋದರೆ ನನ್ನ ಸೆರಗು ಹಿಡಿದುಕೊಂಡು, "ಅತ್ತೆ, ಯಾರಿಗಾದ್ರೂ ಏನಾದ್ರೂ ಹೇಳ್ಬೇಕಾ?" ಎಂದು ಕೇಳುತ್ತಾಳೆ. ಕೆಲಸಕ್ಕೆ ಇಳಿಯಲು ಈಗಲೇ ತಯಾರಾಗಿದ್ದಾಳೆ. ಅವಳಿಗೆ ಹನ್ನೆರಡಾದಾಗ ಫೈರೋಜ ಈ ಕುರ್ಚಿಯಲ್ಲಿ ಇರುತ್ತಾನೋ, ಎಲ್ಲಿಗೋ ವರ್ಗವಾಗಿರುತ್ತಾನೋ. ನಾನು ಎಲ್ಲೋ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತೇನೆ. ಅವಳ ತಾಯಿ ಓಡುತ್ತ ಬಂದು ಎದುರು ನಿಂತರೆ ನನಗೆ ನೆನಪಿರುತ್ತದೆಯೇ?

"ಬೇಡ ಫೈರೋಜ" ಅಂದೆ.

"ಅಕ್ಕಾ, ಹೊತ್ತು ನೋಡಿ."

"ಬೇಡ. ಇವರನ್ನ ಇನ್ನೊಂದು ಮಗೂ ಮೇಲೆ ಹೊರಿಸೋದು ಬೇಡ. ಎದ್ದೇಳು."

ಅವನು ಕಾರ್ಡು ಮೇಜಿನ ಮೇಲಿಟ್ಟು ಎದ್ದ. ನಾನು ಮೇದಿನಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. "ಅದು ಅಮೀನಾ ಜಾಗ ಕಣೇ" ಅಂದೆ. ಅವಳು ಸ್ಲೇಟನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಅಮೀನಾಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಆ ಮಗುವಿಗೆ ಬೀದಿಯ ಮಾತು ಹೊರುವುದನ್ನು ಹೇಳಿಕೊಟ್ಟವಳೂ ಅವಳೇ. ತುಸು ಹೊತ್ತಾದ ಮೇಲೆ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಬರೆದಿದ್ದನ್ನು ಲಂಗದ ಅಂಚಿನಿಂದ ಒರೆಸಿದಳು. ಹೊಸದಾಗಿ ಏನೂ ಬರೆಯಲಿಲ್ಲ. ಎದ್ದು ಹೋಗಿ ಮೇಜಿನ ಮೇಲಿದ್ದ ಅಪ್ಪನ ಕಾರ್ಡನ್ನು ತಾನೇ ತೆಗೆದುಕೊಂಡು ರೀಡರಿಗೆ ಸಿಕ್ಕಿಸಿದಳು. ತಾನೇ ನಾಲ್ಕು ಅಂಕಿ ಒತ್ತಿದಳು. ಈ ಸಲ ಕೈ ಮರೆಮಾಡಲಿಲ್ಲ.

ಹಸಿರು ದೀಪ ಹತ್ತಿತು. ಅವಳು ಡಬ್ಬಿಗೆ ಕಿವಿಯಿಟ್ಟಳು. ಗಂಟಲು ಸರಿಮಾಡಿಕೊಂಡ ಸದ್ದು ಬಂತು, ಪ್ರತಿ ಶನಿವಾರದ್ದೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಒಂಬತ್ತು ವರ್ಷದಿಂದ ಅದರ ಮುಂದಿನ ಮಾತಿಗಾಗಿ ನಾನು ಕಾದಿದ್ದೇನೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ಫೈರೋಜ ಗೋಡೆಯ ಕಡೆ ತಿರುಗಿ ನಿಂತಿದ್ದ. ನಾನು ಯಂತ್ರದ ಮುಂದೆ ಕೂತು ಅಳಿಸುವ ಪುಟ ತೆರೆದೆ. ಪರದೆಯ ಮೇಲೆ, ಈ ದನಿಯನ್ನು ಜಾಗದಿಂದ ತೆಗೆಯಬೇಕೇ ಎಂದು ಕೇಳಿತು. ತೆಗೆ ಎಂದು ಒತ್ತಿದೆ. ಖಚಿತವೇ ಎಂದು ಮತ್ತೆ ಕೇಳಿತು. ಇಪ್ಪತ್ತು ವರ್ಷದಿಂದ ಸತ್ತವರ ಮನೆಯವರು ಎದುರು ಕೂತಿರುವಾಗ ಎಷ್ಟೋ ಸಲ ನಾನು ಇದನ್ನು ಒತ್ತಿದ್ದೇನೆ. ಎರಡು ಸಲ ಯಾಕೆ ಕೇಳುತ್ತದೆ ಎಂದು ಯಾವತ್ತೂ ಯೋಚಿಸಿರಲಿಲ್ಲ. ಒತ್ತಿದೆ. ಹಸಿರು ದೀಪ ಆರಿತು.

ಕಿಟಕಿಯ ಪರದೆ ಕೆಂಪಾಗಿತ್ತು. ಎದುರುಮನೆಯಲ್ಲಿ ಯಾರೋ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿ ಫೈರೋಜ, "ಬೇಗ ಮಗಾ" ಅಂದ. ಮೇದಿನಿ ತನ್ನ ಕಾರ್ಡಿನ ಚಿಪ್ಪನ್ನು ಲಂಗಕ್ಕೆ ಉಜ್ಜಿ, ಸಿಕ್ಕಿಸಿ, ಒತ್ತಿದಳು. ಯಂತ್ರದ ಪರದೆ ಖಾಲಿಯಾಯಿತು. ನಾನು ಗೋಡೆ ಗಡಿಯಾರ ನೋಡಿದೆ. ನಾನೇ ಸರಿಮಾಡಿದ್ದ ಮುಳ್ಳು ನಿಧಾನವಾಗಿ ಒಂದು ಮನೆ ದಾಟಿತು. ಇನ್ನೊಂದು ದಾಟಿತು. ಅಷ್ಟು ಹೊತ್ತು ಯಾವತ್ತೂ ಆಗುವುದಿಲ್ಲ. ತಡೆಯಲಾರದೆ ರೀಡರಿನ ಹಿಂದಿನ ವೈರನ್ನು ಅದುಮಿ ಹಿಡಿದೆ, ಅದರಿಂದ ಏನೂ ಆಗುವುದಿಲ್ಲ ಎಂದು ಊರಿಗೆಲ್ಲ ಹೇಳುವವಳು ನಾನೇ. ಆಮೇಲೆ ಹಸಿರು ದೀಪ ಹತ್ತಿತು.

ಮೇದಿನಿ ಬಾಯಿ ತೆರೆದಳು, ಮುಚ್ಚಿದಳು. ನಮ್ಮಿಬ್ಬರನ್ನೂ ನೋಡಿದಳು.

"ಅಮ್ಮಾ, ಹೊಟ್ಟೆ ಹಸೀತಿದೆ" ಅಂದಳು.

ಫೈರೋಜ ನಗುತ್ತಲೇ ಕಣ್ಣೊರೆಸಿಕೊಂಡು ಬೀಗ ಹುಡುಕಲು ಹೋದ. ಮನೆಯ ದಾರಿಯಲ್ಲಿ ಅವಳು ಮಾತಾಡುತ್ತಲೇ ಇದ್ದಳು. ತಾಯಮ್ಮನ ಬಗ್ಗೆ, ಸ್ಕೂಲಿನ ಬಗ್ಗೆ, ಸ್ಲೇಟಿನ ಬಳಪ ಎಷ್ಟು ಬೇಗ ಸವೆಯುತ್ತದೆ ಎಂಬುದರ ಬಗ್ಗೆ. ನಮ್ಮ ಮನೆ ಮುಂದಿನ ಕಂಬದ ಹತ್ತಿರ ಬಂದಾಗ ನಿಂತಳು.

"ಅಪ್ಪ ಬಂದ್ರೆ ಏನಮ್ಮ ಮಾಡೋದು?"

"ಸ್ಲೇಟು ಬಡೀತಾರೆ. ಯಾರಿಗೆ ಮೊದ್ಲು ಕೇಳುತ್ತೋ ಅವ್ರು ಬಾಗ್ಲು ತೆಗೀಬೇಕು" ಅಂದೆ.

ಅವಳು ತಲೆಯಾಡಿಸಿ ಒಳಗೆ ಹೋದಳು. ಮಾರನೆಯ ದಿನ ಕೆಲಸಕ್ಕೆ ಹೋದೆ. ಮೇದಿನಿಯ ಹೆಸರಿನ ಪಕ್ಕದ ಚುಕ್ಕೆಯನ್ನು ರಬ್ಬರಿನಿಂದ ಅಳಿಸಿ, ರಿಜಿಸ್ಟರನ್ನು ಅಟ್ಟಕ್ಕೆ ಹತ್ತಿಸಿದೆ. ಅವತ್ತು ಶನಿವಾರ. ಮನೆಗೆ ಬಂದು ರೀಡರಿನ ಮುಂ​ದೆ ಕೂತು, ನೆನಪಾಗಿ ಎದ್ದೆ. ಅವರ ದನಿ ಬಿಟ್ಟುಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಬಿಟ್ಟುಕೊಟ್ಟೆ.